ಅವ್ವನ ತಾಟು, ರಕ್ತದ ಲೆಕ್ಕ

8 ಡಿಸೆಂಬರ್ 2024, ರವಿವಾರ. ಕರಣಕೋಟ

ತಾಂಡೂರಿನ ಲ್ಯಾಬಿನಿಂದ ರಿಪೋರ್ಟು ಬಂತು. ಒಟ್ಟು ಬಿಳಿ ರಕ್ತಕಣ 2,200. ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 40, ಅಂದರೆ 880. ಹಿಮೋಗ್ಲೋಬಿನ್ 9.4, ಪ್ಲೇಟ್‌ಲೆಟ್ 1,35,000. ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಅವ್ವನಿಗೆ ಮೊದಲ ಕೀಮೊ ಕೊಟ್ಟದ್ದು ನವೆಂಬರ್ 27ರಂದು. ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಕೌಂಟು ತಳ ಮುಟ್ಟುತ್ತದೆ, ಆಮೇಲೆ ತಾನಾಗಿಯೇ ಏರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಗೊತ್ತಿದ್ದರೂ 880 ಎಂಬ ಅಂಕಿ ಕಣ್ಣಿಗೆ ಬಿದ್ದಾಗ ಕೈಕಾಲು ತಣ್ಣಗಾದವು.

ಮಧ್ಯಾಹ್ನ ಮೂರು ಮನೆಯವರು ಬಂದುಹೋದರು. ಎಲ್ಲರ ಕೈಯಲ್ಲೂ ದಾಳಿಂಬೆ, ಬೀಟ್‌ರೂಟ್. ಚಿಗವ್ವ ಬಸವಕಲ್ಯಾಣದಿಂದ ಖರ್ಜೂರದ ಡಬ್ಬಿ ಕಳಿಸಿದ್ದಾಳೆ. "ಕೆಂಪಂದು ತಿಂದ್ರ ರಗತ ಆಗ್ತದ" ಎನ್ನುವುದು ನಮ್ಮ ಕಡೆ ಹುಟ್ಟಿದಾರಭ್ಯ ಕೇಳಿದ ಮಾತು. ಹಣ್ಣಿಗೆ ನನ್ನ ತಕರಾರಿಲ್ಲ. ಬಾಯಿ ಒಣಗಿದವಳಿಗೆ ದಾಳಿಂಬೆ ಹಿತವಾಗಿದೆ. ಆದರೆ ಬೀಟ್‌ರೂಟಿನ ಕೆಂಪು ಬಣ್ಣಕ್ಕೂ ರಕ್ತದ ಕೆಂಪಿಗೂ ಸಂಬಂಧವೇ ಇಲ್ಲ. ಅವ್ವನಿಗೆ ಈಗ ಕಡಿಮೆಯಾಗಿರುವುದಂತೂ ಕೆಂಪು ಕಣಕ್ಕಿಂತ ಹೆಚ್ಚಾಗಿ ಬಿಳಿ ಕಣ.

ಎಂಟನೆಯ ಇಯತ್ತೆಗೆ ವರ್ಷವರ್ಷ ರಕ್ತದ ಪಾಠ ಮಾಡಿದವಳು ನಾನು. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಪ್ಲೇಟ್‌ಲೆಟ್ಟಿನದು ಎಂಟು ಹತ್ತು ದಿನ. ನ್ಯೂಟ್ರೋಫಿಲ್ ರಕ್ತದಲ್ಲಿ ಒಂದು ದಿನವೂ ಬಾಳುವುದಿಲ್ಲ. ಎಲುಬಿನೊಳಗಿನ ಮಜ್ಜೆ ಹಗಲು ರಾತ್ರಿ ಹೊಸದನ್ನು ಮಾಡಿ ಕಳಿಸುತ್ತಲೇ ಇರಬೇಕು. ಬೇಗ ಬೇಗ ಒಡೆದು ಎರಡಾಗುವ ಜೀವಕೋಶಗಳನ್ನು ಕೀಮೊ ಹೊಡೆಯುತ್ತದೆ. ಗೆಡ್ಡೆಯ ಕೋಶವಾದರೂ ಸರಿ, ಮಜ್ಜೆಯದಾದರೂ ಸರಿ, ಬಾಯೊಳಗಿನ ತೊಗಲಾದರೂ ಸರಿ, ಅದಕ್ಕೆ ಭೇದವಿಲ್ಲ. ಅದಕ್ಕೇ ದಿನದ ಸರಬರಾಜಿನ ಮೇಲೆ ನಿಂತ ಬಿಳಿ ಕಣ ಮೊದಲು ಬೀಳುತ್ತದೆ. ಕೆಂಪಿನ ಇಳಿತ ತಿಂಗಳುಗಟ್ಟಲೆ ಸಾವಕಾಶ ನಡೆಯುತ್ತದೆ.

ಪಾಠವಾಗಿ ಹೇಳುವಾಗ ಇದು ಎಷ್ಟು ಸರಳವಿತ್ತು.

11 ಡಿಸೆಂಬರ್, ಬುಧವಾರ

ತೂಕ 49 ಕಿಲೋ. ಆಪರೇಷನ್ನಿಗೆ ಮೊದಲು 51 ಇತ್ತು.

ರಾತ್ರಿ ಟ್ರಂಕಿನಿಂದ ಆ ಹಳೆಯ ಪುಸ್ತಕ ತೆಗೆದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯದು, ಗೋಪಾಲನ್ ಮತ್ತು ಸಂಗಡಿಗರು ಬರೆದದ್ದು. ನಮ್ಮ ದೇಶದ ಯಾವ ಧಾನ್ಯದಲ್ಲಿ, ಯಾವ ಸೊಪ್ಪಿನಲ್ಲಿ ಏನೆಷ್ಟಿದೆ ಎಂಬ ಕೋಷ್ಟಕ. ಬಿ.ಎಡ್. ಓದುವಾಗ ತಾರ್ನಾಕಾಕ್ಕೆ ಹೋಗಿ ಕೊಂಡಿದ್ದೆ. ಕ್ಯಾನ್ಸರ್ ರೋಗಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲರಿ, ಒಂದು ಗ್ರಾಮಿಗಿಂತ ಮೇಲೆ, ಆದರೆ 1.5 ಗ್ರಾಮಿನವರೆಗೆ ಪ್ರೋಟೀನು ಬೇಕು. ನಾನು 1.2 ಹಿಡಿದೆ. ಅವ್ವನಿಗೆ ದಿನಕ್ಕೆ ಸುಮಾರು 59 ಗ್ರಾಂ.

ಅವ್ವ ಲಿಂಗ ಕಟ್ಟಿದವಳು. ತತ್ತಿ ಮುಟ್ಟುವುದಿಲ್ಲ. "ಔಷಧ ಅಂತ ತಿಳ್ಕೊಂಡು ತಿನ್ನಬೇ" ಎಂದು ತಮ್ಮ ಹೇಳಿ ನೋಡಿದ. ಮುಖ ತಿರುಗಿಸಿದಳು. ನಾನು ಒತ್ತಾಯ ಮಾಡಲಿಲ್ಲ. ಊಟದ ಹೊತ್ತಿಗೆ ಮನಸ್ಸು ಮುರಿದರೆ ಆ ಹೊತ್ತಿನ ತುತ್ತು ಹೋದಂತೆ. ತತ್ತಿ ಇಲ್ಲದೆಯೇ ಲೆಕ್ಕ ಕೂಡಿಸಬೇಕು.

ಜೋಳದ ಹಿಟ್ಟು 120 ಗ್ರಾಂ: ಹನ್ನೆರಡೂವರೆ. ತೊಗರಿಬೇಳೆ 60 ಗ್ರಾಂ: ಹದಿಮೂರು. ಶೇಂಗಾ ಒಂದು ಹಿಡಿ, 30 ಗ್ರಾಂ: ಏಳೂವರೆ. ಎಮ್ಮೆ ಹಾಲು 400 ಮಿಲಿ: ಹದಿನೇಳು. ಮೊಸರು ಒಂದು ವಾಟಿ: ಐದು. ಹೆಸರುಬೇಳೆ 20 ಗ್ರಾಂ: ಐದು. ಒಟ್ಟು 60.

ಎರಡು ಸಲ ಕೂಡಿಸಿ ನೋಡಿದೆ. ಇದರಲ್ಲಿ ಪೇಟೆಯಿಂದ ತರುವ ಡಬ್ಬಿ ಒಂದೂ ಇಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ, ಗಡಿಯಾಚೆ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಎರಡೂ ಒಂದೇ ಸುಣ್ಣದಕಲ್ಲಿನ ಸೀಮೆಯ ಬೆಳೆ. ಅವ್ವನ ತವರು ಆ ಕಡೆ, ಸಂಸಾರ ಈ ಕಡೆ. ಅಂಗಡಿಯವನು ತೋರಿಸಿದ ಪ್ರೋಟೀನ್ ಪುಡಿಯ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ತಿಂಗಳ ತೊಗರಿ, ಶೇಂಗಾ, ಹಾಲು ಬಂದು ಮಿಗುತ್ತದೆ. ಏನೂ ನುಂಗಲಾಗದವರಿಗೆ ಆ ಪುಡಿ ಬೇಕಾಗಬಹುದು. ಅವ್ವ ಇನ್ನೂ ನುಂಗುತ್ತಿದ್ದಾಳೆ.

ಕಾಗದದ ಮೇಲೆ 60 ಆಯಿತು, ಹೊಟ್ಟೆಗೆ ಹೋಗಿದ್ದು ಮೂವತ್ತೂ ಇರಲಾರದು. ಒಂದು ರೊಟ್ಟಿಯನ್ನು ಅರ್ಧ ಗಂಟೆ ಮುರಿಯುತ್ತ ಕೂತಳು.

19 ಡಿಸೆಂಬರ್, ಗುರುವಾರ

ನಿನ್ನೆ ಎರಡನೆಯ ಕೀಮೊ. ನಸುಕಿನಲ್ಲೇ ತಾಂಡೂರು ಸ್ಟೇಷನ್. ಹೈದರಾಬಾದಿನ ನಾಂಪಲ್ಲಿಯಲ್ಲಿ ಇಳಿದರೆ ರೆಡ್‌ಹಿಲ್ಸಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಆಟೋದಲ್ಲಿ ಸ್ವಲ್ಪೇ ದೂರ. ಮೆಹ್ದಿ ನವಾಜ್ ಜಂಗ್ ಅವರ ಹೆಸರಿನ ಈ ಆಸ್ಪತ್ರೆ 1955ರಿಂದ ಇದೆ. ಕಾರಿಡಾರಿನಲ್ಲಿ ಜಹೀರಾಬಾದಿನವರು, ನಾರಾಯಣಖೇಡದವರು, ಬೀದರಿನವರು. ಸಾಲಿನಲ್ಲಿ ತೆಲುಗು, ಉರ್ದು, ನಡುನಡುವೆ ನಮ್ಮ ಮಾತು. ನಾರಾಯಣಖೇಡ ಕಡೆಯ ಒಬ್ಬ ಹೆಣ್ಣುಮಗಳು ಅವ್ವನ ಮಾತು ಕೇಳಿ ಎದ್ದು ಬಂದು ಪಕ್ಕಕ್ಕೆ ಕೂತಳು. "ನೀವೇನ್ ಉಣ್ತೀರಿ ಅಕ್ಕಾ, ಕೌಂಟ್ ಏರಾಕ?" ಅಂದಳು. ಎಲ್ಲರ ಬಾಯಲ್ಲೂ ಇದೊಂದೇ ಪ್ರಶ್ನೆ.

ಡಾಕ್ಟರು ಕೇಸ್‌ಪೇಪರ್ ನೋಡಿ, ಕೆಂಪು ಕಣದ ಗಾತ್ರ ದೊಡ್ಡದಿದೆ, 104, ಇದು ಕೀಮೊಕ್ಕೆ ಮೊದಲೂ ಹೀಗೇ ಇತ್ತು ಎಂದು ಬಿ12 ಪರೀಕ್ಷೆ ಬರೆದಿದ್ದರು. ಅದರ ಫಲಿತಾಂಶ ನಿನ್ನೆ ಕೈಗೆ ಬಂತು: 148. ಇನ್ನೂರಕ್ಕಿಂತ ಮೇಲಿರಬೇಕಾದದ್ದು. ಇಂಜೆಕ್ಷನ್ ಶುರು ಮಾಡಿದರು.

ಬಿ12, ಫೋಲೇಟ್, ಕಬ್ಬಿಣ. ಮಜ್ಜೆಗೆ ಕಣ ಕಟ್ಟಲು ಇವು ಬೇಕೇ ಬೇಕು, ಇವುಗಳ ಕೊರತೆ ಇದ್ದರೆ ಅದನ್ನು ತುಂಬಲೇಬೇಕು. ಹಾಲು ಮೊಸರಿನ ಹೊರತು ಪ್ರಾಣಿಮೂಲದ್ದು ಏನೂ ತಿನ್ನದ ನಮ್ಮಂಥ ಮನೆಗಳಲ್ಲಿ ಬಿ12 ಕಡಿಮೆ ಇರುವುದು ತೀರ ಸಾಮಾನ್ಯ. ಅವ್ವನಂತೂ ತನ್ನ ಪಾಲಿನ ಹಾಲನ್ನು ಜೀವಮಾನವಿಡೀ ನಮಗೇ ಹಾಕಿದವಳು. ಆದರೆ ಕೊರತೆ ಇಲ್ಲದವರಿಗೆ ಇವನ್ನು ಇನ್ನಷ್ಟು ತುರುಕಿದರೆ ಕೀಮೊದಿಂದ ಬಿದ್ದ ಕೌಂಟು ಮೇಲೇಳುವುದಿಲ್ಲ. ಡಾಕ್ಟರು ಹೇಳಿದ್ದೂ ಇಷ್ಟೇ: ಪರೀಕ್ಷೆ ಮಾಡಿಸಿ ಕೊಡಬೇಕು, ಅಂದಾಜಿನಲ್ಲಿ ಅಲ್ಲ.

ಈ ಫೋಲೇಟಿನ ಕಥೆ ನನ್ನನ್ನು ಇಡೀ ರಾತ್ರಿ ಬಿಡಲಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಡಾಕ್ಟರು ಮುಂಬೈಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿ ಹೆಂಗಸರ ರಕ್ತಹೀನತೆಯನ್ನು ನೋಡಿದರು. ದೊಡ್ಡ ದೊಡ್ಡ ಕಣಗಳ ರಕ್ತಹೀನತೆ. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಲೇಹ್ಯದಿಂದ ಅದು ವಾಸಿಯಾಗುತ್ತದೆಂದು 1931ರಲ್ಲಿ ಬರೆದರು. ಅದರೊಳಗಿದ್ದದ್ದು ಫೋಲೇಟ್. ಮುಂದೆ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಭೀಮಾವರಂ ಊರಿನ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಂಥ ಫೋಲೇಟನ್ನು ಲ್ಯುಕೇಮಿಯಾ ಆದ ಮಕ್ಕಳಿಗೆ ಕೊಟ್ಟು ನೋಡಿದರೆ ರೋಗ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಫೋಲೇಟಿನ ದಾರಿಯನ್ನೇ ಕಟ್ಟಿದರೆ? ಸುಬ್ಬರಾವ್ ಅವರ ತಂಡವೇ ಕೊಟ್ಟ ಅಮಿನೊಪ್ಟೆರಿನ್ ಎಂಬ ಮದ್ದು 1947ರಲ್ಲಿ ಆ ಮಕ್ಕಳ ರೋಗವನ್ನು ಕೆಲಕಾಲ ಹಿಮ್ಮೆಟ್ಟಿಸಿತು. ಕೀಮೊಥೆರಪಿ ಎಂಬ ಈ ಹಾದಿ ತೆರೆದ ಹೆಜ್ಜೆಗಳಲ್ಲಿ ಅದೊಂದು. ಫಾರ್ಬರ್ ಅದನ್ನು ಪ್ರಕಟಿಸಿದ 1948ರಲ್ಲೇ ಸುಬ್ಬರಾವ್ ತೀರಿಕೊಂಡರು.

ಹಸಿದ ಹೆಂಗಸರ ಮಜ್ಜೆಗೆ ಏನು ಬೇಕೆಂದು ಹುಡುಕಿದ ಆ ಹುಡುಕಾಟದಿಂದಲೇ ಕ್ಯಾನ್ಸರಿನ ಮದ್ದೂ ಹುಟ್ಟಿತು. ಪೋಷಣೆಯೂ ಕೀಮೊವೂ ಒಂದೇ ಒಲೆಯ ಮೇಲೆ ಬೆಂದಿವೆ.

23 ಡಿಸೆಂಬರ್, ಸೋಮವಾರ

ಬಾಯಿ ಹುಣ್ಣಾಗಿದೆ. ತುಟಿಯ ಒಳಗೆ, ನಾಲಿಗೆಯ ಅಂಚಿಗೆ. ರೊಟ್ಟಿ ಸಾಧ್ಯವೇ ಇಲ್ಲ. ಖಾರದ ಹೆಸರೆತ್ತಿದರೆ ಕಣ್ಣಲ್ಲಿ ನೀರು. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಚಿಟಿಕೆ ಸೋಡಾ ಹಾಕಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸುತ್ತಾಳೆ.

ಜೋಳದ ಅಂಬಲಿ ಇಳಿಯುತ್ತದೆ. ನಮ್ಮಲ್ಲಿ ಅಂಬಲಿಯನ್ನು ರಾತ್ರಿಯಿಡೀ ಹುಳಿ ಬರಿಸುವುದು ರೂಢಿ. ಈಗ ಬೇಡ. ಹಿಟ್ಟನ್ನು ಆಗಿಂದಾಗ ಕುದಿಸಿ, ಕಾಯಿಸಿದ ಹಾಲು ಬೆರೆಸಿ, ಒಂದು ಚಮಚೆ ತುಪ್ಪ. ಹೆಸರುಬೇಳೆ ನುಚ್ಚು, ನುಣ್ಣಗೆ ಅರೆದದ್ದು. ಶೇಂಗಾವನ್ನು ಹುರಿದು, ಸಿಪ್ಪೆ ಹಾರಿಸಿ, ಹಾಲಿನೊಂದಿಗೆ ಅರೆದು ಬೆಲ್ಲ ಹಾಕಿ ಕುದಿಸಿದೆ; ಇದನ್ನು ಮಾತ್ರ ತಾನಾಗಿ ಇನ್ನೊಂದಿಷ್ಟು ಕೇಳಿದಳು. ಶೇಂಗಾದಲ್ಲಿ ಒಂದೂ ಕಪ್ಪಾದ, ಬೂಸಲು ಹಿಡಿದ ಕಾಳು ಇರದಂತೆ ಬೆಳಕಿಗೆ ಹಿಡಿದು ಆರಿಸುತ್ತೇನೆ.

ಒಗ್ಗರಣೆಯ ವಾಸನೆಗೆ ಓಕರಿಕೆ ಬರುತ್ತದೆ. ಹೀಗಾಗಿ ಅವಳು ಹೊರಗೆ ಬಿಸಿಲಿಗೆ ಕೂತಾಗ ಒಲೆ ಹಚ್ಚುವುದು. ಮೂರು ಊಟದ ಬದಲು ಎರಡೆರಡು ತಾಸಿಗೊಮ್ಮೆ ಅರ್ಧ ವಾಟಿ. ವಾಕರಿಕೆಯ ಗುಳಿಗೆ ತೆಗೆದುಕೊಂಡು ಅರ್ಧ ಗಂಟೆಯ ನಂತರ ತುಸು ಹೆಚ್ಚು ಹೋಗುತ್ತದೆ. ಬೆಳಗಿನ ಹೊತ್ತು ಅವಳಿಗೆ ಚೆನ್ನ. ದಿನದ ದೊಡ್ಡ ಪಾಲು ಆಗಲೇ ಕೊಟ್ಟುಬಿಡಬೇಕು.

29 ಡಿಸೆಂಬರ್, ರವಿವಾರ

ನಾಳೆ ಎಳ್ಳಮವಾಸ್ಯೆ, ಹೊಲಕ್ಕೆ ಹೋಗಿ ಭೂಮ್ತಾಯಿಗೆ ಚರಗ ಚೆಲ್ಲುವ ಹಬ್ಬ. ಸೇಡಂ ಕಡೆ ಸೋದರಮಾವನ ಹೊಲಕ್ಕೆ ಹೋಗದ ಎಳ್ಳಮವಾಸ್ಯೆ ಅವ್ವನ ನೆನಪಿನಲ್ಲೇ ಇಲ್ಲ. "ಗಾಡ್ಯಾಗ ಕೂತು ಬರ್ತೀನಿ, ಇಳಿಯಂಗಿಲ್ಲ" ಎಂದು ಬೆಳಗಿನಿಂದ ಹೇಳುತ್ತಿದ್ದಾಳೆ. ಇವತ್ತಿನ ನ್ಯೂಟ್ರೋಫಿಲ್ ಕೌಂಟು 610.

ಹೊಲವೆಂದರೆ ಕಟಾವಿನ ಧೂಳು, ಹಸಿ ಮಣ್ಣು, ಕಣದ ಹೊಟ್ಟು, ಅದರೊಳಗಿನ ಶಿಲೀಂಧ್ರದ ಬೀಜಕಣ. ನೆರೆದ ಮಂದಿಯಲ್ಲಿ ಯಾರಿಗೋ ನೆಗಡಿ. ಮಧ್ಯಾಹ್ನದವರೆಗೆ ಬುಟ್ಟಿಯಲ್ಲಿ ಆರಿದ ಬುತ್ತಿ. ಯಾವುದೂ ಈ ವಾರಕ್ಕೆ ಸಲ್ಲದು. ಇಷ್ಟನ್ನೂ ಬಿಡಿಸಿ ಹೇಳಿದೆ.

ಅವ್ವನ ನರದೊಳಗೆ ಹೋಗುತ್ತಿರುವ ಆ ಕೆಂಪು ಮದ್ದು ಇದೆಯಲ್ಲ, ಡಾಕ್ಸೊರುಬಿಸಿನ್, ಅದೂ ಮಣ್ಣಿನಿಂದಲೇ ಬಂದದ್ದು. ಇಟಲಿಯ ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಸುತ್ತಲಿನ ಮಣ್ಣಿನಲ್ಲಿ ಸಿಕ್ಕ, ಕೆಂಪು ಬಣ್ಣ ಬಿಡುವ ಸೂಕ್ಷ್ಮಜೀವಿಯಿಂದ ಅದರ ಮೊದಲ ರೂಪ ದೊರಕಿತು. ಇದನ್ನೂ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಭೂಮ್ತಾಯಿ ಮನೀಗೇ ಬಂದಾಳ" ಅಂದಳು. ಬರುವುದಿಲ್ಲವೆಂದು ಆಮೇಲೆ ತಾನೇ ಮಾವನಿಗೆ ಫೋನು ಮಾಡಿಸಿದಳು.

30 ಡಿಸೆಂಬರ್, ಸೋಮವಾರ

ಎಳ್ಳಮವಾಸ್ಯೆಯ ಭಜ್ಜಿಯನ್ನು ಮನೆಯಲ್ಲೇ ಮಾಡಿದೆ. ಹಸಿ ತೊಗರಿಕಾಳು, ಅವರೆ, ಕಡಲೆ, ಶೇಂಗಾ, ಮೆಂತ್ಯೆ, ಪಾಲಕ, ಈರುಳ್ಳಿ ಹೂ, ಬದನೆ, ಗಜ್ಜರಿ, ಕಡಲೆ ಹಿಟ್ಟು. ಸೊಪ್ಪನ್ನು ಎಸಳು ಎಸಳಾಗಿ ಬಿಡಿಸಿ, ಹರಿಯುವ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ಎಲ್ಲರಿಗೂ ಮಾಡುವಂತೆಯೇ ಮಾಡಿ, ಹಸಿಮೆಣಸಿನಕಾಯಿ ಹಾಕುವ ಮುಂಚೆ ಅವ್ವನ ಪಾಲು ತೆಗೆದಿಟ್ಟು, ಹುಣಸೆ ಬಿಟ್ಟು ಮತ್ತೆ ಕುದಿಸಿ ಅರೆದುಕೊಟ್ಟೆ. ಸಜ್ಜೆ ಕಡಬನ್ನು ಅದರಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಉಂಡಳು.

ಇಷ್ಟು ದಿನ ನಾನು ಗ್ರಾಮಿನ ಲೆಕ್ಕದಲ್ಲಿ ಹುಡುಕುತ್ತಿದ್ದ ಕಾಳು, ಬೇಳೆ, ಎಣ್ಣೆಬೀಜ, ಸೊಪ್ಪು ಎಲ್ಲ ಒಂದೇ ಪಾತ್ರೆಯಲ್ಲಿ ಬೆಂದಿದ್ದವು. ನಮ್ಮ ಹಿರಿಯರು ವರ್ಷಕ್ಕೊಮ್ಮೆ ಹೊಲಕ್ಕೆ ಒಯ್ಯುತ್ತಿದ್ದ ಊಟವನ್ನು ಕೀಮೊ ಮುಗಿಯುವವರೆಗೆ ವಾರಕ್ಕೊಮ್ಮೆ ಮಾಡುವುದೆಂದು ತೀರ್ಮಾನಿಸಿದೆ.

ಚರಗದ ಪಾಲನ್ನು ಅಪ್ಪ ಒಬ್ಬನೇ ಒಯ್ದು ಕಾಗಿಣಾ ಕಡೆಯ ಹೊಲಕ್ಕೆ ಚೆಲ್ಲಿ ಬಂದ. ಬಂದವನು ಕೈಕಾಲು ತೊಳೆದು, ಅಂಗಿ ಬದಲಿಸಿಯೇ ಅವ್ವನ ಹತ್ತಿರ ಹೋದ. ನಾನು ಹೇಳಿರಲಿಲ್ಲ.

3 ಜನವರಿ 2025, ಶುಕ್ರವಾರ

ಚಿಂಚೋಳಿಯ ಕಾಕಾ ಬಂದಿದ್ದರು. ಚೀಲದಲ್ಲಿ ಪಪ್ಪಾಯಿ ಎಲೆ. ಜೊತೆಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ, "ಎಂಟ ದಿನದಾಗ ಕೌಂಟ್ ಡಬ್ಬಲ್". ಕಾಕಾನ ಮಗನಿಗೆ ಡೆಂಗಿ ಆದಾಗ ಆ ರಸ ಕುಡಿಸಿದ್ದರಂತೆ.

ಕಾಕಾನ ಪ್ರೀತಿಯನ್ನು ನಾನು ಹಗುರ ಮಾಡಲಾರೆ. ಅಷ್ಟು ದೂರದಿಂದ ಆ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಕೂಡಿಸಿ, ಚಹಾ ಕೊಟ್ಟು ಹೇಳಿದೆ: "ಕಾಕಾ, ಡೆಂಗಿಯೊಳಗ ಜ್ವರ ಇಳಿದ ಮ್ಯಾಲ ಪ್ಲೇಟ್‌ಲೆಟ್ ತಾನಾಗೇ ಏರ್ತಾವ್ರಿ. ಅವ್ವಂದು ಬ್ಯಾರೆ. ಆಕೀದು ಬಿದ್ದದ್ದು ಬಿಳಿ ಕಣ. ಹಸಿ ಎಲಿ ಅರದು ಕುಡಿಸಿದ್ರ ಅದರ ಮ್ಯಾಲಿನ ಮಣ್ಣು, ಕ್ರಿಮಿ ಎಲ್ಲಾ ಹೊಟ್ಟಿಗೆ ಹೋಗ್ತಾವ್ರಿ. ತಡ್ಯಾಕ ಒಳಗ ಸೈನ್ಯನೇ ಇಲ್ಲ ಈಗ." ಪುಡಿಯ ವಿಷಯ ಇನ್ನೂ ಕಠಿಣ. ಒಳಗೇನಿದೆಯೋ ಬರೆದಿಲ್ಲ. ಕೀಮೊ ಮದ್ದನ್ನು ಅರಗಿಸುವುದೂ ಅದೇ ಯಕೃತ್ತು. ಅದರ ಮೇಲೆ ಗೊತ್ತಿಲ್ಲದ ಭಾರ ಹೊರಿಸಬಾರದು.

ಕಾಕಾ ಬಹಳ ಹೊತ್ತು ಯೋಚಿಸಿ ಕೇಳಿದರು: "ಮತ್ತ ನಾ ಏನ್ ತರ್ಲಿ?" ಹೊಸ ಶೇಂಗಾ, ಹೊಸ ತೊಗರಿಬೇಳೆ ಎಂದೆ. ಎದ್ದು ಹೋಗುವಾಗ ಪುಡಿಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು.

ಹಸಿಯಾದದ್ದು ಯಾವುದನ್ನೂ ತಿನ್ನಲೇಬಾರದು ಎಂದೇನಲ್ಲ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯವರು ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಕೆಲವರಿಗೆ ಪೂರ್ತಿ ಬೇಯಿಸಿದ್ದನ್ನೇ ಕೊಟ್ಟು, ಉಳಿದವರಿಗೆ ಹಸಿ ಹಣ್ಣು ತರಕಾರಿಯನ್ನೂ ಕೊಟ್ಟು ಹೋಲಿಸಿ ನೋಡಿದರು. ದೊಡ್ಡ ಸೋಂಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2008ರಲ್ಲಿ ಪ್ರಕಟಿಸಿದರು. ಬೇಕಾದ್ದು ನಿಷೇಧದ ಉದ್ದ ಪಟ್ಟಿಯಲ್ಲ, ಶುಚಿ. ಬಾಳೆಹಣ್ಣು, ಕಿತ್ತಳೆ, ದಾಳಿಂಬೆ ತೊಳೆದು ಮನೆಯಲ್ಲೇ ಸುಲಿದು ಕೊಡುತ್ತೇನೆ. ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿಗೆ ಡಾಕ್ಟರು ಒಪ್ಪಿದ್ದಾರೆ. ಹಸಿ ಹಾಲು, ಹೊರಗಿನ ಕಬ್ಬಿನ ಹಾಲು, ಐಸು, ಕತ್ತರಿಸಿಟ್ಟ ಹಣ್ಣು, ಬೆಳಗಿನ ಸಾರನ್ನು ಸಂಜೆಗೆ ಇಡುವುದು, ಇವಿಷ್ಟು ಬೇಡ. ನೀರು ಕುದಿಸಿದ್ದೇ.

8 ಜನವರಿ, ಬುಧವಾರ. ಹೈದರಾಬಾದ್

ಇವತ್ತು ಮೂರನೆಯ ಕೀಮೊ ಆಗಬೇಕಿತ್ತು. ಕೌಂಟು 1,050. ಅವರಿಗೆ 1,500 ಬೇಕು. ಒಂದು ವಾರ ಮುಂದೂಡಿದರು. ತೂಕ 47.5.

ಇದನ್ನು ಕೇಳಿದ ಕೂಡಲೆ ಅವ್ವ ಅತ್ತಳು. ಆಪರೇಷನ್ನಿನ ದಿನವೂ ಅತ್ತಿರಲಿಲ್ಲ. "ನಾ ಸರಿಗಿ ಉಣ್ಣಲಿಲ್ಲ. ಅದಕ್ಕ ಹಿಂಗಾತು. ನಿಮಗೆಲ್ಲಾ ಎಷ್ಟ್ ತ್ರಾಸ ಕೊಟ್ಟೆ" ಎಂದು ನನ್ನ ಕೈ ಹಿಡಿದು ಹೇಳಿದಳು. ಪಕ್ಕದಲ್ಲಿ ಕೂತ ತಮ್ಮ ತಲೆ ತಗ್ಗಿಸಿದ. ಹಿಂದಿನ ದಿನವಷ್ಟೇ ಅವಳಿಗೆ "ಉಣ್ಣದಿದ್ರ ಕೌಂಟ್ ಹ್ಯಾಂಗ ಏರ್ತದ" ಅಂದಿದ್ದ.

ಡಾಕ್ಟರು ಕೇಳಿಸಿಕೊಂಡು ಕುರ್ಚಿ ಎಳೆದು ಅವಳ ಎದುರು ಕೂತರು. ಅವರ ತೆಲುಗನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತ ಹೋದೆ. ಬಿಳಿ ಕಣ ಬಿದ್ದದ್ದು ಮದ್ದಿನಿಂದ. ಹೊಟ್ಟೆ ತುಂಬ ಉಂಡವರದೂ ಬೀಳುತ್ತದೆ. ಮಜ್ಜೆ ಮತ್ತೆ ಮೇಲೇಳಲು ಒಬ್ಬೊಬ್ಬರಿಗೆ ಒಂದೊಂದು ಕಾಲ. ವಯಸ್ಸು, ಹಿಂದಿನ ಬಿ12 ಕೊರತೆ, ಮದ್ದಿನ ಪ್ರಮಾಣ ಎಲ್ಲ ಸೇರುತ್ತವೆ. ಊಟದ ಕೆಲಸ ಬೇರೆ: ತೂಕ, ಮಾಂಸಖಂಡ ಉಳಿಸುವುದು, ಬಾಯಿಯ ಹುಣ್ಣು ಮಾಯುವಂತೆ ಮಾಡುವುದು, ಮುಂದಿನ ಕೀಮೊ ತಡೆಯುವ ಶಕ್ತಿ ಕೊಡುವುದು.

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಆ ಕಾರಿಡಾರಿನ ಗೋಡೆಗೆ ಹಚ್ಚಬೇಕೆನಿಸಿತು. ರಿಪೋರ್ಟಿನ ಅಂಕಿಯನ್ನು ನಾವು ಮನೆಯವರು ರೋಗಿಯ ತಾಟಿನ ಪರೀಕ್ಷೆಯ ಫಲಿತಾಂಶ ಮಾಡಿಬಿಡುತ್ತೇವೆ. ಏರಿದರೆ ನಾವು ಕುಡಿಸಿದ ರಸದಿಂದ, ಇಳಿದರೆ ಅವಳು ಬಿಟ್ಟ ತುತ್ತಿನಿಂದ. ರೋಗ ಹೊತ್ತವಳ ಮೇಲೆ ಅಪರಾಧವನ್ನೂ ಹೊರಿಸುತ್ತೇವೆ. ಪ್ರೀತಿಯಿಂದಲೇ ಹೊರಿಸುತ್ತೇವೆ, ಅದಕ್ಕೇ ಅವಳಿಗೆ ಅದನ್ನು ಇಳಿಸಲು ಬರುವುದಿಲ್ಲ.

ರೈಲಿನಲ್ಲಿ ವಿಕಾರಾಬಾದ್ ದಾಟಿದ ಮೇಲೆ ತಮ್ಮ ಅವ್ವನಿಗೆ ಬಾಳೆಹಣ್ಣು ಸುಲಿದು ಕೊಟ್ಟ. "ಬೇಕಂದ್ರ ತಿನ್ನಬೇ, ಬ್ಯಾಡಂದ್ರ ಬಿಡು" ಅಂದ. ತಿಂದಳು.

14 ಜನವರಿ, ಮಂಗಳವಾರ. ಸಂಕ್ರಾಂತಿ

ಬಾಯಿ ಮಾಯ್ದಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೆತ್ತಗಿನದು, ಶೇಂಗಾ ಹಿಂಡಿ, ಮೊಸರು. ಪುಂಡಿಪಲ್ಯವನ್ನೂ ಬೇಡಿ ಹಾಕಿಸಿಕೊಂಡಳು. ಕೌಂಟು ಏರುವ ಈ ಒಂದು ವಾರವೇ ಕಳೆದುಕೊಂಡ ತೂಕವನ್ನು ಸ್ವಲ್ಪವಾದರೂ ಮರಳಿ ಪಡೆಯುವ ಹೊತ್ತು. ನಾಲಿಗೆಗೆ ರುಚಿ ಇರುವಾಗ ಅವಳು ಕೇಳಿದ್ದನ್ನೆಲ್ಲ ಮಾಡಿಹಾಕುತ್ತೇನೆ.

ಮೊಣಕಾಲಿಗೆ ಕೈ ಊರದೆ ಎದ್ದು ಅಂಗಳದ ತುದಿಯವರೆಗೆ ನಡೆಯುತ್ತಾಳೆ. ಡಾಕ್ಟರು ನಡೆಯಲು ಹೇಳಿದ್ದಾರೆ. ಮಲಗಿಯೇ ಇದ್ದರೆ ಉಂಡ ಪ್ರೋಟೀನು ಖಂಡವಾಗಿ ನಿಲ್ಲುವುದಿಲ್ಲ. ಕಲ್ಲಿನ ಪಾಲಿಶ್ ಧೂಳು ಬರುವ ರಸ್ತೆಯ ಕಡೆ ಮಾತ್ರ ಬೇಡ ಎಂದಿದ್ದೇನೆ.

27 ಜನವರಿ, ಸೋಮವಾರ

ಮೂರನೆಯ ಕೀಮೊ 16ರಂದು ಆಯಿತು. ನಿನ್ನೆ ರಾತ್ರಿ ಹನ್ನೊಂದಕ್ಕೆ ಅವ್ವನಿಗೆ ಚಳಿ. ಥರ್ಮಾಮೀಟರಿನಲ್ಲಿ 101.2.

ಊರಿಂದ ಬಂದಿದ್ದ ಚಿಗವ್ವ ಕ್ರೋಸಿನ್ ಹುಡುಕಲು ಎದ್ದಳು. ಬೇಡವೆಂದೆ. ಕೌಂಟು ಬಿದ್ದಾಗ ಬಂದ ಜ್ವರವೇ ಸೋಂಕಿನ ಒಂದೇ ಗುರುತಾಗಿರಬಹುದು, ಕೀವು ಮಾಡಲಿಕ್ಕೂ ಬಿಳಿ ಕಣ ಬೇಕಲ್ಲ. ಗುಳಿಗೆ ನುಂಗಿಸಿ ಜ್ವರ ಮುಚ್ಚಿ ಬೆಳಗಿನವರೆಗೆ ಕಾಯುವಂತಿಲ್ಲ. 100.4 ಒಂದು ತಾಸು ನಿಂತರೆ, ಅಥವಾ ಒಮ್ಮೆಯೇ 101 ದಾಟಿದರೆ, ಎಷ್ಟು ಹೊತ್ತಾದರೂ ಆಸ್ಪತ್ರೆಗೆ ಹೋಗಬೇಕೆಂದು ಬರೆದ ಕಾಗದವನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ತಾಂಡೂರಿನ ಸರಕಾರಿ ಆಸ್ಪತ್ರೆಯಲ್ಲಿ ಕೀಮೊದ ಚೀಟಿ ತೋರಿಸಿದ ಕೂಡಲೆ ರಕ್ತ ತೆಗೆದು, ಹೈದರಾಬಾದಿಗೆ ಫೋನು ಮಾಡಿ, ನರಕ್ಕೆ ಆ್ಯಂಟಿಬಯೋಟಿಕ್ ಹಾಕಿದರು. ಆ ಡ್ಯೂಟಿ ಡಾಕ್ಟರ ಋಣ ದೊಡ್ಡದು. ನಸುಕಿಗೆ ಆಂಬುಲೆನ್ಸಿನಲ್ಲಿ ಇಲ್ಲಿ ಹೈದರಾಬಾದಿಗೆ ಬಂದೆವು. ಕೌಂಟು 280.

30 ಜನವರಿ, ಗುರುವಾರ

ಜ್ವರ ಬಿಟ್ಟು ಎರಡು ದಿನ. ಇವತ್ತು 1,400. ಮಜ್ಜೆಯನ್ನು ಎಬ್ಬಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಕೊಟ್ಟಿದ್ದಾರೆ. ಕೌಂಟನ್ನು ನಿಜವಾಗಿ ಏರಿಸುವ ಮದ್ದೆಂದರೆ ಇದು. ನಮ್ಮ ದೇಹವೇ ಮಾಡುವ ಒಂದು ಸಂಕೇತದ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಮಾಡಿದ್ದು. ಅಮೆರಿಕದಲ್ಲಿ 1991ರಲ್ಲಿ ಬಳಕೆಗೆ ಒಪ್ಪಿಗೆಯಾಯಿತು. ಸೊಂಟ, ಬೆನ್ನಿನ ಎಲುಬು ಒಳಗಿನಿಂದ ನೋಯುತ್ತವೆ ಎನ್ನುತ್ತಾಳೆ ಅವ್ವ. ಮಜ್ಜೆ ಕೆಲಸಕ್ಕೆ ಹತ್ತಿರುವ ನೋವು ಅದು ಎಂದು ಹೇಳಿದೆ. ಆಮೇಲೆ ಅಷ್ಟು ನರಳಲಿಲ್ಲ.

ಜ್ವರದ ಮೂರು ದಿನ ಬರೀ ಗಂಜಿ, ಹಾಲು. ತೂಕ ಮತ್ತೆ ಇಳಿದು 47. ನಾನು ಲೆಕ್ಕ ಹಾಕಲಿಲ್ಲ. ಜ್ವರದಲ್ಲಿ ದೇಹ ತನ್ನ ಖಂಡವನ್ನೇ ಕರಗಿಸಿ ಉರಿಸುತ್ತದೆ, ಆಗ ತುರುಕಿದರೂ ನಿಲ್ಲುವುದಿಲ್ಲ. ಜ್ವರ ಇಳಿದ ಮೇಲೆ ತುಂಬಬೇಕು.

6 ಫೆಬ್ರುವರಿ, ಗುರುವಾರ

ತೂಕ 48. ನ್ಯೂಟ್ರೋಫಿಲ್ 3,900. ಹಿಮೋಗ್ಲೋಬಿನ್ 9.8. ಬಿ12 ಇಂಜೆಕ್ಷನ್ನಿನ ಫಲ ಕೆಂಪು ಕಣದಲ್ಲಿ ಕಾಣತೊಡಗಿದೆ ಎಂದರು ಡಾಕ್ಟರು. ನಾಲ್ಕನೆಯ ಕೀಮೊವನ್ನು ಪ್ರಮಾಣ ಇಳಿಸದೆ ಪೂರ್ತಿ ಕೊಟ್ಟರು. ಈ ಸಲ ಮರುದಿನದಿಂದಲೇ ಫಿಲ್‌ಗ್ರಾಸ್ಟಿಮ್. ಆ ಕೆಂಪು ಮದ್ದಿನ ಸರದಿ ಇದಕ್ಕೆ ಮುಗಿಯಿತು; ಮುಂದಿನದು ಬೇರೆ ಮದ್ದು.

ಡಿಸೆಂಬರಿನಲ್ಲಿ ಪಕ್ಕಕ್ಕೆ ಕೂತಿದ್ದ ನಾರಾಯಣಖೇಡದ ಹೆಣ್ಣುಮಗಳು ಇವತ್ತೂ ಸಿಕ್ಕಳು. ಬಹಳ ಇಳಿದಿದ್ದಾಳೆ. ಅವಳಿಗೆ ಮನೆಯಲ್ಲಿ ಅನ್ನ, ಬೇಳೆ, ಹಾಲು ಎಲ್ಲ ನಿಲ್ಲಿಸಿ ಬರೀ ಹಣ್ಣಿನ ರಸ, ಗೋಧಿಹುಲ್ಲಿನ ರಸ ಕೊಡುತ್ತಿದ್ದಾರಂತೆ. ಸಕ್ಕರೆ, ಹಾಲು ಕೊಟ್ಟರೆ ಗೆಡ್ಡೆ ಬೆಳೆಯುತ್ತದೆಂದು ಯಾರೋ ಹೇಳಿದರಂತೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳ ಗಂಡನನ್ನು ಕರೆದುಕೊಂಡು ಆಹಾರ ಸಲಹೆಗಾರರ ಕೋಣೆಗೆ ಹೋದೆ. ಗೆಡ್ಡೆಯನ್ನು ಉಪವಾಸ ಕೆಡವಲು ಹೋದರೆ ಮೊದಲು ಉಪವಾಸ ಬೀಳುವವಳು ನಿಮ್ಮ ಹೆಂಡತಿ ಎಂದು ಆ ತಾಯಿ ಮೆತ್ತಗೆ ವಿವರಿಸಿದರು. ಆ ಗಂಡ ಹೆಂಡತಿ ಮಾಂಸಾಹಾರಿಗಳು. ದಿನಕ್ಕೆ ಎರಡು ತತ್ತಿ, ಹಳದಿಯವರೆಗೂ ಗಟ್ಟಿಯಾಗಿ ಬೇಯಿಸಿ ಕೊಟ್ಟರೆ ಅದರಿಂದಲೇ ಹನ್ನೆರಡು ಗ್ರಾಂ ಪ್ರೋಟೀನು. ಅನ್ನ ಬೇಳೆ ಇಂದಿನಿಂದಲೇ.

ಗಂಡ ನನ್ನನ್ನು ಕೇಳಿದ: "ಹಿಂಗ್ ಮಾಡಿದ್ರ ಕೌಂಟ್ ಏರ್ತದೇನ್ರಿ ಅಕ್ಕಾರ?"

"ಕೌಂಟ್ ತನ್ನ ಹೊತ್ತಿಗೆ ಏರ್ತದ್ರಿ. ಏರೂ ತನಕ ಆಕಿ ತಡೀಬೇಕಲ್ಲ. ಅದಕ್ಕ ಉಣಸ್ರಿ. ಬಿದ್ರ ಆಕೀಗಿ ಬೈಬ್ಯಾಡ್ರಿ."

9 ಫೆಬ್ರುವರಿ, ರವಿವಾರ

ನಾಳೆಯಿಂದ ನಾನು ಶಾಲೆಗೆ ಹೋಗಬೇಕು, ಹತ್ತನೆಯವರ ಪರೀಕ್ಷೆ ಹತ್ತಿರವಿದೆ. ಬೆಳಗಿನ ಅಂಬಲಿ, ಹಾಲು ನಾನೇ ಕೊಟ್ಟು ಹೋಗುತ್ತೇನೆ. ಹತ್ತೂವರೆಯ ಶೇಂಗಾ ಹಾಲು ಅಪ್ಪನ ಪಾಳಿ. ಆರಿಸಿದ ಕಾಳಿನ ಡಬ್ಬಿ ಎಡಗಡೆ ಗೂಡಿನಲ್ಲಿ. ಮಧ್ಯಾಹ್ನದ ನುಚ್ಚು ಮತ್ತು ಬೇಳೆಯನ್ನು ತಮ್ಮನ ಹೆಂಡತಿ ಉಣ್ಣುವ ಹೊತ್ತಿಗೇ ಮಾಡುತ್ತಾಳೆ. ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಫ್ರಿಜ್ಜಿನ ಬಾಗಿಲಲ್ಲಲ್ಲ, ನಡುವಿನ ಹಲಗೆಯ ಮೇಲೆ. ನರ್ಸಮ್ಮ ಸಂಜೆ ಐದಕ್ಕೆ ಬರುತ್ತಾರೆ. ಜ್ವರ ನೋಡುವುದು ಬೆಳಗ್ಗೆ, ಸಂಜೆ, ಚಳಿ ಅನಿಸಿದಾಗ. ಕಾಕಾ ಚಿಂಚೋಳಿಯಿಂದ ಹತ್ತು ಕಿಲೋ ತೊಗರಿಬೇಳೆ ಕಳಿಸಿದ್ದಾರೆ, ಈ ವರ್ಷದ್ದೇ.